ಮಗಳನ್ನು ಬಿಟ್ಟುಬರಲು ಹೋದ ದೇಶ

ದೇಶ ಹುಡುಕುವುದೂ ಒಂದೇ, ಮಗಳಿಗೆ ಗಂಡು ಹುಡುಕುವುದೂ ಒಂದೇ. ಇಂಗ್ಲೆಂಡಿನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನನ್ನ ಗಂಡ ಲ್ಯಾಪ್‌ಟಾಪ್ ತೆರೆದುಕೊಂಡು ಒಂದೊಂದೇ ದೇಶದ ಜಾತಕ ಓದುತ್ತಿದ್ದರು, ನಾನು ರೊಟ್ಟಿ ಬಡಿಯುತ್ತ ಹೂಂ, ಊಹೂಂ ಅನ್ನುತ್ತಿದ್ದೆ. ಆಸ್ಟ್ರೇಲಿಯಾ? ರೂಪವಂತ, ದುಡಿಮೆಗಾರ, ಆದರೆ ಊರು ಬಹಳ ದೂರ. ನ್ಯೂಜಿಲೆಂಡ್? ಗುಣ ಒಳ್ಳೆಯದು, ಸಂಬಳ ಕಡಿಮೆ. ಕೆನಡಾ? ಮನೆತನ ಚೆನ್ನಾಗಿದೆ, ಚಳಿಗಾಲದಲ್ಲಿ ಮಾತ್ರ ಮುಖ ತೋರಿಸುವುದಿಲ್ಲ. ದುಬೈ? ಕೈತುಂಬ ಕೊಡುತ್ತಾನೆ, ಮುಪ್ಪಿನಲ್ಲಿ ಹೊರಗೆ ಹಾಕುತ್ತಾನೆ. ಮೊದಮೊದಲು ಹೀಗೆ ತಮಾಷೆ ಮಾಡಿಕೊಂಡು ನಗುತ್ತಿದ್ದೆವು. ಯಾರನ್ನು ಒಪ್ಪಬೇಕೆಂಬುದು ನಮ್ಮ ಕೈಯಲ್ಲಿದೆ ಎಂದುಕೊಂಡಿದ್ದೆವು, ಅದಕ್ಕೇ ನಗು ಬರುತ್ತಿತ್ತು.

ಹುಡುಗಿಯನ್ನು ತೋರಿಸುವ ಹೊತ್ತು ಬಂದಾಗ ನಗು ನಿಂತಿತು.

ನಮಗಿರುವುದು ಒಬ್ಬಳೇ ಮಗಳು. ಆಗ ಅವಳಿಗೆ ಹನ್ನೆರಡು ವರ್ಷ. ಅವಳಿಗೆ ಆಟಿಸಂ ಇದೆ, ಮಾತಿಲ್ಲ. ಹಸಿವಾದರೆ ತಟ್ಟೆ ಬಡಿಯುತ್ತಾಳೆ, ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾಳೆ, ಖುಷಿಯಾದರೆ ಮೂಗಿನಲ್ಲಿ ಗುಂಯ್ ಎಂದು ಒಂದೇ ಸ್ವರ ಹಿಡಿದು ಕೂರುತ್ತಾಳೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ತಬ್ಬಿಕೊಳ್ಳಲು ಹೋದರೆ ಮೈ ಸೆಟೆಸಿಕೊಳ್ಳುತ್ತಾಳೆ. ಹೆತ್ತು ಇಷ್ಟು ವರ್ಷವಾದರೂ ನಾನು ಅವಳಿಗೆ ಯಾರು ಎಂಬುದು ನನಗೆ ಗೊತ್ತಿರಲಿಲ್ಲ. ಊಟ ಹಾಕುವವಳು, ತಲೆ ಬಾಚುವವಳು, ಅಷ್ಟೇ ಇರಬೇಕು. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ, ಗಂಡನ ಹತ್ತಿರವೂ.

ವೀಸಾ ಕೆಲಸ ಮಾಡಿಸಿಕೊಡುವ ಏಜೆಂಟನೊಬ್ಬ ಫೋನಿನಲ್ಲಿ ಬಹಳ ನಯವಾಗಿ ಹೇಳಿದ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಇಡೀ ಕುಟುಂಬದ ಆರೋಗ್ಯ ಪರೀಕ್ಷೆ ಇರುತ್ತದೆ, ಇಂಥ ಮಗು ಇದ್ದರೆ ಸರ್ಕಾರದ ಮೇಲೆ ಬೀಳುವ ಭಾರವನ್ನೂ ತೂಗಿ ನೋಡುತ್ತಾರೆ, ನಿಮ್ಮದು ಕಷ್ಟ ಮೇಡಂ. ಅಂದರೆ ನನ್ನ ಗಂಡನ ಇಂಜಿನಿಯರಿಂಗ್ ಡಿಗ್ರಿ ಬೇಕು, ನನ್ನ ಫಾರ್ಮಸಿ ಡಿಗ್ರಿ ಬೇಕು, ಮಗಳು ಬೇಡ. ‘ಇವರ ಬಾಯಿಗೆ ಮಣ್ಣು ಬೀಳ್ಲಿ’ ಎಂದು ನಾನು ಕೈಗೆ ಸಿಕ್ಕ ಲಟ್ಟಣಿಗೆಯನ್ನು ಸಿಂಕಿಗೆ ಎಸೆದೆ. ಗಂಡ ಲ್ಯಾಪ್‌ಟಾಪ್ ಮುಚ್ಚಿದರು.

ಹಾಗಿದ್ದರೆ ಇಂಗ್ಲೆಂಡಿನಲ್ಲೇ ಬಿದ್ದಿರಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬಿದ್ದಿದ್ದೆವು. ಮದುವೆಯಾಗಿ ಬಂದವಳು ಅಲ್ಲಿನ ಪಾಸ್‌ಪೋರ್ಟ್ ತೆಗೆದುಕೊಳ್ಳುವಷ್ಟು ವರ್ಷ ಬಿದ್ದಿದ್ದೆ. ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡಿದೆ, ಮಳೆಯಲ್ಲಿ ಬಸ್ಸಿಗೆ ನಿಂತೆ, ಅಲ್ಲಿಯವರ ಹಾಗೆ ಮಾತುಮಾತಿಗೆ ಥ್ಯಾಂಕ್ಸ್ ಹೇಳುವುದನ್ನು ಕಲಿತೆ. ಮಗಳು ಚಿಕ್ಕವಳಿದ್ದಾಗ ಹೋಗುತ್ತಿದ್ದ ಶಾಲೆ ಒಳ್ಳೆಯದೇ ಇತ್ತು. ದೊಡ್ಡವಳಾದಳು, ಆ ಶಾಲೆ ಮುಗಿಯಿತು, ಮುಂದಿನದರಲ್ಲಿ ಜಾಗವಿಲ್ಲ ಎಂದರು. ಸಾಲಿನಲ್ಲಿರಿ ಎಂದರು. ಸಾರಿ ಎಂದರು. ಸಾರಿ ಹೇಳುವುದರಲ್ಲಿ ಆ ಜನ ಬಹಳ ಧಾರಾಳಿಗಳು, ಕೊಡುವುದರಲ್ಲಿ ಮಾತ್ರ ಕೈ ಬಿಗಿ. ನಾನು ಕೆಲಸ ಬಿಟ್ಟು ಮಗಳ ಜೊತೆ ಮನೆಯಲ್ಲಿ ಕೂತೆ. ಗೋಡೆಗೆ ಗೋಡೆ ಅಂಟಿದ ಮನೆ. ಅವಳು ಕಿರುಚಿದರೆ ಪಕ್ಕದ ಮನೆಯವರು ಆ ಕಡೆಯಿಂದ ಗೋಡೆ ಗುದ್ದುತ್ತಿದ್ದರು. ಗುದ್ದಿದ ಸದ್ದಿಗೆ ಇವಳು ಇನ್ನಷ್ಟು ಕಿರುಚುತ್ತಿದ್ದಳು. ನಡುವೆ ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು, ಆ ಗುದ್ದು ಅವಳಿಗೆ ಕೇಳದಿರಲಿ ಎಂದು ಜೋರಾಗಿ ಹಾಡುತ್ತಿದ್ದೆ. ನನ್ನ ಹಾಡು ಕೇಳಿ ಅವರು ಮತ್ತಷ್ಟು ಗುದ್ದುತ್ತಿದ್ದರು. ಅದೊಂದು ಬಾಳ್ವೆಯೇ?

ಊರಿಗೇ ಹೋಗಿಬಿಡೋಣ ಎಂದು ಬಾಗಲಕೋಟೆಯಲ್ಲಿ ಒಂದು ಬೇಸಿಗೆ ಇದ್ದೂ ನೋಡಿದೆವು. ಬಂದವರೆಲ್ಲ ಒಳ್ಳೆಯವರೇ. ಒಬ್ಬರು ವಿಭೂತಿ ಕೊಟ್ಟರು, ಒಬ್ಬರು ತಾಯತ ಕೊಟ್ಟರು, ಎಲ್ಲರೂ ಅವಳ ಗಲ್ಲ ಸವರಿದರು. ಮುಟ್ಟಿದರೆ ಮೈ ಉರಿಯುವ ಹುಡುಗಿ ಅವಳು. ದಿನವಿಡೀ ಬರುವ ಹಾರ್ನಿನ ಸದ್ದಿಗೆ ಹಣೆಯನ್ನು ಗೋಡೆಗೆ ಬಡಿದುಕೊಂಡು ಬಡಿದುಕೊಂಡು ಅಲ್ಲೊಂದು ಗುಬಟೆ ಎದ್ದಿತು. ಹೋದ ಹಾಗೇ ಇಂಗ್ಲೆಂಡಿಗೆ ತಿರುಗಿ ಬಂದೆವು.

ಆಗ ಅಮೆರಿಕದಿಂದ ಅಣ್ಣ ಫೋನ್ ಮಾಡಿದ. ನನ್ನ ಬೆನ್ನಿಗೆ ಇರುವವನು ಅವನೊಬ್ಬನೇ. ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿ ಮನೆ, ಹೋಬೋಕನ್‌ನಲ್ಲಿ ಆಫೀಸು.

“ಎದಕ್ಕ ಅಳ್ತಿ? ನಮ್ಮ ಟೌನ್‌ಶಿಪ್ಪಿನ ಸ್ಕೂಲಿನ್ಯಾಗ ಇಂಥಾ ಮಕ್ಕಳಿಗೆ ಬ್ಯಾರೆ ಪ್ರೋಗ್ರಾಂ ಐತಿ. ಬಸ್ ಮನೀ ಬಾಗಲಕ್ಕ ಬರ್ತೈತಿ. ಅಕಿನ್ನ ಕರ್ಕೊಂಡ್ ಬಾ, ಒಮ್ಮೆ ಕಣ್ಣೀಲೆ ನೋಡು. ಏನರ ದಾರಿ ಹುಡುಕೂಣು.”

ಗಂಡನಿಗೆ ರಜೆ ಇರಲಿಲ್ಲ. ನಾನೂ ಮಗಳೂ ಹೊರಟೆವು. ಆ ವಿಮಾನದ ಪ್ರಯಾಣದ ಬಗ್ಗೆ ಬರೆಯುವುದಿಲ್ಲ.

ಅಣ್ಣನ ಮನೆ ದೊಡ್ಡದು, ಸುತ್ತ ಹುಲ್ಲು, ಯಾವ ಗೋಡೆಯೂ ಯಾರ ಗೋಡೆಗೂ ಅಂಟಿಲ್ಲ. ಮಗಳು ಮೊದಲ ದಿನ ಬೇಸ್‌ಮೆಂಟಿನಲ್ಲಿ ಮನಸ್ಸು ತಣಿಯುವವರೆಗೆ ಕಿರುಚಿದಳು, ಯಾರೂ ಏನನ್ನೂ ಗುದ್ದಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಕಾದೆ, ಗುದ್ದು ಬರುತ್ತದೆ ಎಂದು. ಬರಲಿಲ್ಲ. ಅಯ್ಯೋ ಶಿವನೇ, ಕಿರುಚಲು ಒಂದು ಜಾಗವಿರುವುದೂ ಒಂದು ಭಾಗ್ಯವೇ ಎಂದು ಅಲ್ಲೇ ಕೂತು ಅತ್ತೆ.

ಅಣ್ಣನ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ, ನಮ್ಮ ಕಡೆ ಹಾಗೇ ಕರೆಯುವುದು. ಮಾತು ಕಡಿಮೆ, ಕೆಲಸ ಜಾಸ್ತಿ. ಮನೆಯಿಂದಲೇ ಯಾವುದೋ ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತ, ಕಾಲ್ ಮ್ಯೂಟ್ ಮಾಡಿ ಕುಕ್ಕರಿನ ಸೀಟಿ ಎಣಿಸುವ ಹೆಂಗಸು. ಎರಡು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಂದು, ತವರಿಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ಅಮೆರಿಕದಲ್ಲಿ ಅಣ್ಣನ ಮನೆಯೇ ನನ್ನ ತವರು ಎಂದು ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ಇನ್ನೊಂದು, ಚಪ್ಪಲಿ. ಗ್ಯಾರೇಜಿನಿಂದ ಒಳಗೆ ಬರುವಲ್ಲಿ ಒಂದು ಸಣ್ಣ ಕೋಣೆ ಇದೆ, ಎಲ್ಲರೂ ಅಲ್ಲೇ ಬಿಡಬೇಕು. ಫ್ರಿಜ್ ರಿಪೇರಿಗೆ ಬಂದ ಆರಡಿ ಅಮೆರಿಕನ್ನನ ಕೈಯಲ್ಲೂ ಬೂಟು ಬಿಚ್ಚಿಸಿದ್ದರಂತೆ. ಅವನು ತೂತುಬಿದ್ದ ಸಾಕ್ಸಿನಲ್ಲಿ ನಿಂತು ಕೆಲಸ ಮಾಡಿದನಂತೆ. ಇದನ್ನು ಹೇಳಿ ನಕ್ಕವಳು ಅಣ್ಣನ ಮಗಳು, ಹೈಸ್ಕೂಲಿನ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷು.

ದಿನಾ ಬೆಳಿಗ್ಗೆ ಎದುರು ಮನೆಯ ಮುಂದೆ ಒಂದು ಗಿಡ್ಡ ಹಳದಿ ಬಸ್ಸು ಬಂದು ನಿಲ್ಲುತ್ತಿತ್ತು. ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿದ ಒಬ್ಬ ಹುಡುಗನನ್ನು ಒಬ್ಬ ಹೆಂಗಸು ಇಳಿದು ಬಂದು ಕೈ ಹಿಡಿದು ಹತ್ತಿಸಿಕೊಳ್ಳುತ್ತಿದ್ದಳು. ಅವನು ಒಮ್ಮೊಮ್ಮೆ ದಾರಿಯಲ್ಲೇ ಕೂತುಬಿಡುತ್ತಿದ್ದ. ಆಗ ಅವಳೂ ಪಕ್ಕದಲ್ಲಿ ಕೂರುತ್ತಿದ್ದಳು. ಬಸ್ಸು ಹಾರ್ನ್ ಹಾಕದೆ ಕಾಯುತ್ತಿತ್ತು. ಅವನ ತಾಯಿ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಳು. ಕಾಫಿ! ಬಿಸಿಯಾಗಿ, ನಿಂತುಕೊಂಡು, ತಣ್ಣಗಾಗುವ ಮೊದಲು! ನಾನು ಪರದೆಯ ಸಂದಿಯಿಂದ ಆ ಕಪ್ಪನ್ನೇ ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎನ್ನುವುದು ಸಣ್ಣ ಮಾತು, ಆ ಬಸ್ಸನ್ನು ಅಡ್ಡಗಟ್ಟಿ ನಿಲ್ಲಿಸಿ ನನ್ನ ಮಗಳನ್ನು ಒಳಗೆ ಕೂರಿಸಿ ಓಡಿಬಿಡಬೇಕು ಅನ್ನಿಸುತ್ತಿತ್ತು.

ಒಂದು ವಾರದ ಮೇಲೆ ಅಣ್ಣ ಮ್ಯಾನ್‌ಹಟನ್‌ನಲ್ಲಿ ಇಮಿಗ್ರೇಶನ್ ವಕೀಲೆಯೊಬ್ಬಳ ಅಪಾಯಿಂಟ್‌ಮೆಂಟ್ ತೆಗೆದುಕೊಂಡ. ಮಗಳನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಮೊದಲ ಸಲ ಅವಳನ್ನು ಇಡೀ ದಿನ ಬೇರೆಯವರ ಕೈಯಲ್ಲಿ ಬಿಟ್ಟೆ. ಹೊರಗೆ ಚಳಿ ಕೊರೆಯುತ್ತಿತ್ತು. ಬಾಗಲಕೋಟೆಯಿಂದ ತಂದ ಹಳೆಯ ಚರ್ಮದ ಚಪ್ಪಲಿಯನ್ನು ಸಣ್ಣ ಕೋಣೆಯಲ್ಲಿ ಬಿಟ್ಟು ವೈನಿಯ ಬೂಟು ಹಾಕಿಕೊಂಡೆ. ಮಗಳು ನೆಲದ ಟೈಲ್ಸಿನ ಗೆರೆಗಳ ಮೇಲೆ ಬೆರಳು ಎಳೆಯುತ್ತ ಕೂತಿದ್ದಳು. ‘ಹೋಗಿ ಬರ್ತೀನಿ ಯವ್ವಾ’ ಎಂದೆ. ತಲೆ ಎತ್ತಲಿಲ್ಲ. ಯಾವಾಗ ಎತ್ತಿದ್ದಳು?

ಹೋಬೋಕನ್‌ವರೆಗೆ ಡ್ರೈವ್ ಮಾಡಿ, ಆಫೀಸಿನಲ್ಲಿ ಕಾರು ನಿಲ್ಲಿಸಿ, ಫೆರಿ ಹಿಡಿದು ನದಿ ದಾಟಿದೆವು. ವಕೀಲೆ ಚಿಕ್ಕ ವಯಸ್ಸಿನವಳು, ಮುಖ ಒಳ್ಳೆಯದಿತ್ತು, ಹೇಳಿದ್ದು ಒಂದೂ ಒಳ್ಳೆಯದಿರಲಿಲ್ಲ. ಅಣ್ಣ ತಂಗಿಗಾಗಿ ಅರ್ಜಿ ಹಾಕಬಹುದು, ಆದರೆ ಸರದಿ ಬರುವ ಹೊತ್ತಿಗೆ ಈ ಮಗು ಕಾನೂನಿನ ಕಣ್ಣಲ್ಲಿ ಮಗುವಾಗಿ ಉಳಿದಿರುವುದಿಲ್ಲ. ಗಂಡನಿಗೆ ಇಲ್ಲಿನ ಕಂಪನಿ ಕೆಲಸ ಕೊಟ್ಟು ಕರೆಸಿಕೊಳ್ಳಬೇಕು, ಅದು ಅದೃಷ್ಟ. ಕೊನೆಗೆ ಅಣ್ಣನೇ ಕೇಳಿದ, ನಾನು ಕೇಳಲಾರದ್ದನ್ನು. ಮಗುವನ್ನು ನಮ್ಮ ಮನೆಯಲ್ಲಿ ಬಿಟ್ಟು ಇವರು ಇಂಗ್ಲೆಂಡಿಗೆ ಹೋದರೆ? ನಾನು ಸೋದರಮಾವ, ನಮ್ಮಲ್ಲಿ ಸೋದರಮಾವ ಅಂದರೆ ಅರ್ಧ ತಂದೆ, ನಮ್ಮ ಮನೆಯ ಅಡ್ರೆಸ್ಸಿನಲ್ಲಿ ಶಾಲೆಗೆ ಸೇರಿಸಿದರೆ?

ವಕೀಲೆ ಪೆನ್ನು ಕೆಳಗಿಟ್ಟಳು. ಶಾಲೆಯವರು ವೀಸಾ ಕೇಳುವುದಿಲ್ಲ. ಹೆತ್ತವರು ಇರುವಾಗ ಮಗು ಮಾವನ ಮನೆಯಲ್ಲಿ ಯಾಕಿದೆ ಎಂದು ಕೇಳುತ್ತಾರೆ. ಈ ಮಗುವನ್ನು ಸಾಕುವುದು ನಮ್ಮ ಕೈಲಿ ಆಗದು ಎಂದು ನೀವು ಪ್ರಮಾಣ ಮಾಡಿ ಸಹಿ ಹಾಕಬೇಕು. ಹುಡುಗಿ ನೋಡಲು ಬಂದವಳೆಂದು ದೇಶದೊಳಗೆ ಬಂದಿದ್ದಾಳೆ, ಅವಧಿ ಮೀರಿ ಉಳಿದರೆ ಒಂದು ಸಲ ಹೊರಗೆ ಕಾಲಿಟ್ಟವಳು ತಿರುಗಿ ಬರುವುದು ಕಷ್ಟ. ಮಾಡಿ ಎಂದು ನಾನು ಹೇಳಲಾರೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕಾನೂನಿಗೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಕೇಳಿದಳು. ಅವಳು ನಿಮ್ಮನ್ನು ಬಿಟ್ಟು ಇರುತ್ತಾಳಾ?

“ಇರುತ್ತಾಳೆ. ಅವಳಿಗೆ ಯಾರು ಇದ್ದರೂ ಒಂದೇ” ಎಂದೆ. ನಾನು ಅದನ್ನು ನಂಬಿದ್ದೆ.

ತಿರುಗಿ ಬರುವಾಗ ಫೆರಿಯ ಮೇಲಿನ ಅಂತಸ್ತಿನಲ್ಲಿ ಗಾಳಿಗೆ ನಿಂತೆವು. ಕಣ್ಣು ಮೂಗು ಎಲ್ಲ ಸೋರುತ್ತಿತ್ತು, ಅಳು ಯಾವುದು ಚಳಿ ಯಾವುದು ಗೊತ್ತಾಗುತ್ತಿರಲಿಲ್ಲ. ಅಣ್ಣ ಕಂಬಿ ಹಿಡಿದು ನೀರನ್ನೇ ನೋಡುತ್ತ ಅಂದ,

“ಬಿಟ್ಟು ಹೋಗು ತಂಗಿ. ನಾ ಅದೀನಿ. ಕಾಯ್ದೆ ಪಾಯ್ದೆ ಆಮ್ಯಾಲ ನೋಡೂಣು. ನೀವಿಬ್ಬರೂ ಅಲ್ಲೆ ಮನುಷ್ಯಾರಂಗ ಉಸಿರಾಡ್ರಿ, ಇಲ್ಲೆ ಅಕಿ ಶಾಲಿಗೆ ಹೋಗಲಿ.”

“ವೈನೀನ ಕೇಳೀಯೇನು?”

“ಅಕಿನ್ನ ಏನ್ ಕೇಳೂದು? ಅಕಿ ಒಲ್ಲೆ ಅನ್ನಾಕಿ ಅಲ್ಲ.”

ಈ ತಪ್ಪು ನಮ್ಮ ಮನೆಗಳಲ್ಲೇ ಆಗುವಂಥದ್ದು. ಗಂಡಸು ಮಾತು ಕೊಟ್ಟರೆ ಮನೆ ಮಾತು ಕೊಟ್ಟ ಹಾಗೆ, ಹೆಂಗಸರು ಒಬ್ಬರಿಗೊಬ್ಬರು ಬಾಯಿಬಿಟ್ಟು ಕೇಳಿಕೊಳ್ಳುವುದಿಲ್ಲ. ಕೇಳಿದರೆ ಭಾರ ಹಾಕಿದ ಹಾಗಾಗುತ್ತದೆ, ಇಲ್ಲ ಎಂದರೆ ಮುಖ ಮುರಿದ ಹಾಗಾಗುತ್ತದೆ. ಹಾಗಾಗಿ ನಾನು ವೈನಿಯನ್ನು ಕೇಳಲಿಲ್ಲ.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಮಗಳು ಗ್ಯಾರೇಜಿನ ಬಾಗಿಲಿನ ಪಕ್ಕ, ಆ ಚಪ್ಪಲಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬೇರೆ ಬಟ್ಟೆ ಹಾಕಿದ್ದರು. ನಾನು ಒಳಗೆ ಬಂದದ್ದೇ ಎದ್ದು ನನ್ನ ಮುಖವನ್ನೂ ನೋಡದೆ ಅಡುಗೆಮನೆಗೆ ಹೋಗಿ ತಟ್ಟೆ ಬಡಿದಳು. ವೈನಿ ಅನ್ನ ಕಲಸುತ್ತ, “ಈಗ ಬಂದು ಕುಂತಾಳ ಅಲ್ಲೆ” ಎಂದರು. ಟೈಲ್ಸು ತಣ್ಣಗಿರುತ್ತದೆ, ಅವಳಿಗೆ ಇಷ್ಟ ಎಂದುಕೊಂಡೆ. ಇಡೀ ದಿನ ನಾನಿಲ್ಲದೆ ಇದ್ದಳಲ್ಲ, ಏನೂ ಆಗಲಿಲ್ಲವಲ್ಲ ಎಂದು ಒಳಗೊಳಗೇ ನಿರಾಳವೂ ಆಯಿತು. ಆ ನಿರಾಳದ ಹಿಂದೆಯೇ ಎದೆಯಲ್ಲಿ ಏನೋ ಕುಸಿಯಿತು.

ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಶಾಲಿ ಛಲೋ ಐತೇನು?” ಎಂದು ಕೇಳಿದರು. ಬಸ್ಸಿನ ಕಥೆ ಹೇಳಿದೆ, ಆ ಹೆಂಗಸು ದಾರಿಯಲ್ಲಿ ಕೂತದ್ದನ್ನು ಹೇಳಿದೆ. “ಹಂಗಾರ ಬಿಟ್ಟು ಬಾ” ಎಂದರು. ಫೋನ್ ಇಡಲಿಲ್ಲ. ಅವರು ಅಳುತ್ತಿದ್ದುದು ನನಗೆ ಕೇಳಿಸುತ್ತಿತ್ತು, ನಾನು ಅಳುತ್ತಿದ್ದುದು ಅವರಿಗೆ. ಯಾರೂ ಬೇಡ ಎನ್ನಲಿಲ್ಲ.

ಹೊರಡುವ ದಿನದ ಹಿಂದಿನ ಸಂಜೆ ಮಗಳ ಬಟ್ಟೆಗಳನ್ನೆಲ್ಲ ನನ್ನ ಸೂಟ್‌ಕೇಸಿನಿಂದ ತೆಗೆದು ಕೆಳಗಿನ ಕೋಣೆಯ ಡ್ರಾಯರಿನಲ್ಲಿ ಜೋಡಿಸಿದೆ. ಲೇಬಲ್ ಚುಚ್ಚುತ್ತದೆ ಎಂದು ಒಂದೊಂದರಲ್ಲೂ ನಾನೇ ಕತ್ತರಿಸಿ ತೆಗೆದಿದ್ದ ಅಂಗಿಗಳು. ಬಾಗಿಲಲ್ಲಿ ವೈನಿ ಒಗೆದ ಟವೆಲ್ ಹಿಡಿದು ನಿಂತಿದ್ದರು. ನಾನು ಡ್ರಾಯರ್ ಮುಚ್ಚಿದೆ. ಅವರು ಟವೆಲ್ ಇಟ್ಟು ಹೋದರು. ಇನ್ನೂ ಎಷ್ಟು ಬಾಯಿಬಿಟ್ಟು ಹೇಳಬೇಕು, ತಿಳಿದುಕೊಂಡಿದ್ದಾರೆ, ಒಪ್ಪಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ.

ಬೆಳಿಗ್ಗೆ ಸ್ನಾನ ಮಾಡಿ ಸೀರೆ ಉಟ್ಟು ಕೆಳಗೆ ಬಂದೆ. ವಿಮಾನ ಸಂಜೆಗಿತ್ತು, ಮಗಳ ತಿರುಗುವ ಟಿಕೆಟ್ಟನ್ನು ನಾನಿನ್ನೂ ರದ್ದು ಮಾಡಿರಲಿಲ್ಲ. ದೇವರ ಮುಂದೆ ವೈನಿ ಕಂಬಳಿ ಹಾಸಿ ಮಣೆ ಇಟ್ಟಿದ್ದರು. ಹಿತ್ತಾಳೆ ಪರಾತದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು, ಬೆಲ್ಲದ ಅಚ್ಚು, ಗುಳೇದಗುಡ್ಡದ ರವಿಕೆ ಖಣ. ತವರಿನಿಂದ ಹೊರಡುವ ಹೆಣ್ಣಿನ ಸೆರಗಿಗೆ ಐದು ಬೊಗಸೆ ಅಕ್ಕಿ ಸುರಿದು ಇವನ್ನೆಲ್ಲ ಇಟ್ಟು ಕಳಿಸುವುದು ನಮ್ಮ ಪದ್ಧತಿ. ಹೊರಡುವವಳಿಗೆ ಮಾತ್ರ. ಉಳಿಯುವವಳಿಗೆ ಯಾರೂ ಉಡಿ ತುಂಬುವುದಿಲ್ಲ.

ಖಣ ಎರಡಿದ್ದವು. ಮಣೆಯೂ ಎರಡು.

ಒಂದರ ಮೇಲೆ ಆಗಲೇ ನನ್ನ ಮಗಳು ಕೂತಿದ್ದಳು. ಪ್ಯಾಂಟು, ಟೋಪಿಯಿರುವ ಸ್ವೆಟರ್ ತೊಟ್ಟ ಹುಡುಗಿಯ ಸೊಂಟಕ್ಕೆ ವೈನಿ ತಮ್ಮ ಹತ್ತಿಯ ದುಪಟ್ಟಾ ಕಟ್ಟಿ ಮುಂದೆ ಜೋಳಿಗೆಯ ಹಾಗೆ ಬಿಟ್ಟಿದ್ದರು.

“ಎರಡು ಯಾಕ್ರಿ ವೈನಿ?”

“ಇಬ್ಬರು ಹೊಂಟೀರಲ್ಲ.”

ಅಣ್ಣ ಕಾರಿನ ಕೀ ಹಿಡಿದು ಫ್ರಿಜ್ಜಿನ ಕಡೆ ಮುಖ ಮಾಡಿ ನಿಂತಿದ್ದ. ಫ್ರಿಜ್ಜಿನ ಮೇಲೆ ಓದಲು ಏನೂ ಇರಲಿಲ್ಲ. ನನಗೆ ತಲೆಗೆ ರಕ್ತ ನುಗ್ಗಿತು. ಹೊರಗೆ ಅಷ್ಟೊತ್ತಿಗೇ ಆ ಬಸ್ಸು ಬಂದು ನಿಂತದ್ದು ಕಿಟಕಿಯಲ್ಲಿ ಕಂಡಿತು.

“ಬ್ಯಾಡಾದ್ರ ಬ್ಯಾಡ ಅಂತ ಬಾಯಿಬಿಟ್ಟು ಹೇಳ್ರಿ! ದೇಶದ ಮಂದಿ ಎಲ್ಲಾ ಬ್ಯಾಡ ಅಂದಾರ, ನೀವೂ ಅನ್ರಿ. ಅಕ್ಕಿ ಹಾಕಿ, ಕುಂಕುಮ ಹಚ್ಚಿ ಯಾಕ ಹೊರಗ ಹಾಕ್ತೀರಿ?”

ವೈನಿಯ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಮಗಳ ಮುಂದೆ ಮಂಡಿಯೂರಿ ಕೂತವರು ನನ್ನ ಕಡೆ ನೋಡದೆ ಹೇಳಿದರು.

“ನೀ ಮ್ಯಾನ್‌ಹಟನ್‌ಗೆ ಹೋಗಿದ್ದ ದಿನ ಅಕಿ ಈಗ ಬಂದು ಕುಂತಾಳ ಅಂದ್ನೆಲ್ಲ, ಸುಳ್ಳ ಹೇಳಿದೆ. ನೀ ಹೋದ ಕೂಡ್ಲೆ ಬಾಗಲದಾಗ ಕುಂತಾಕಿ, ನೀ ಬರೂತನಾ ಎದ್ದಿಲ್ಲ. ನಿನ್ನ ಚಪ್ಲಿ ತೊಡಿ ಮ್ಯಾಲ ಇಟ್ಕೊಂಡಿದ್ಲು. ಅಲ್ಲೇ ಅನ್ನಾ ಒಯ್ದು ಕೊಟ್ಟೆ, ಮುಟ್ಟಲಿಲ್ಲ. ಬಾತ್‌ರೂಮಿಗೂ ಏಳಲಿಲ್ಲ ತಂಗಿ, ಕುಂತಲ್ಲೇ ಬಟ್ಟಿ ಒದ್ದಿ ಮಾಡ್ಕೊಂಡ್ಲು. ನಾ ಒರಿಸಿ ಬ್ಯಾರೆ ಹಾಕಿದೆ, ಚಪ್ಲಿ ಮಾತ್ರ ಕೈ ಬಿಡಲಿಲ್ಲ. ಗ್ಯಾರೇಜ್ ಸಪ್ಪಳಾತಂದ್ರ ತಲಿ ಎತ್ತತಿದ್ಲು. ನಿಮ್ಮ ಕಾರ್ ಬಂದ ಮ್ಯಾಲೇ ಇಳಿಸಿಟ್ಟಿದ್ದು.”

ಅವರು ಉಸಿರು ತೆಗೆದುಕೊಂಡರು. “ನೋಡ್ಕೊಳ್ಳಾಕ ಒಲ್ಲೆ ಅನ್ನಂಗಿಲ್ಲ ನಾ. ಆದ್ರ ವರ್ಷಗಟ್ಟಲೆ ಅಕಿ ಆ ಬಾಗಲದಾಗ ಕುಂತ್ರ, ಎದ್ದು ಬಾ ಅಂತ ನಾ ಯಾವ ಬಾಯಿಲೆ ಕರೀಲಿ?”

“ಚಪ್ಲೀ ಚರ್ಮದ ವಾಸನಿ ರೀ” ಎಂದೆ ನಾನು. “ವಾಸನಿ ಅಂದ್ರ ಅಕಿಗೆ ಸೇರ್ತೈತಿ. ಅದಕ್ಕ ಹಿಡ್ಕೊಂಡಿರ್ತಾಳ. ನಾ ಅಂತಲ್ಲ.” ನಾನು ವಾದ ಮಾಡುತ್ತಿದ್ದೆ. ಗೆಲ್ಲಬೇಕಿತ್ತು ನನಗೆ. ವಾದ ಗೆದ್ದರೆ ಬಸ್ಸು ಸಿಗುತ್ತಿತ್ತು.

ಮೆಟ್ಟಿಲ ಮೇಲೆ ಶಾಲೆಯ ಬ್ಯಾಗ್ ಹಾಕಿಕೊಂಡು ನಿಂತಿದ್ದ ಅಣ್ಣನ ಮಗಳು ಮೆಲ್ಲಗೆ ಅಂದಳು, “ನೋ ಅತ್ತಿ. ಶಿ ವಾಸ್ ವೇಟಿಂಗ್ ಫಾರ್ ಯು.”

ವೈನಿ ನನ್ನನ್ನು ಮಣೆಯ ಮೇಲೆ ಕೂರಿಸಿ ಮೊದಲು ನನ್ನ ಉಡಿ ತುಂಬಿದರು. ನಾನು ಮರದ ಬೊಂಬೆಯ ಹಾಗೆ ಸೆರಗು ಹಿಡಿದೆ. ಆಮೇಲೆ ಮಗಳ ಕಡೆ ತಿರುಗಿ ಒಂದು ಬೊಗಸೆ ಅಕ್ಕಿ ಹಾಕಿದರು. ಅವಳು ಕೈಗಳನ್ನು ಮೊಣಕೈವರೆಗೆ ಜೋಳಿಗೆಗೆ ಇಳಿಸಿ ಬೆರಳ ಸಂದಿಯಿಂದ ಕಾಳು ಜಾರಿಸಿದಳು. ಎರಡನೆಯ ಬೊಗಸೆ ಹಾಕಿದರು, ಮೂರನೆಯದು ಹಾಕಿದರು. ಆಗ ಅವಳ ಕಣ್ಣು ನನ್ನ ಸೂಟ್‌ಕೇಸಿನ ಮೇಲೆ ಬಿತ್ತು. ಅಣ್ಣ ಅದನ್ನು ಗ್ಯಾರೇಜಿನ ಬಾಗಿಲಿಗೆ ತಂದು ನಿಲ್ಲಿಸಿದ್ದ, ಪಕ್ಕದಲ್ಲಿ ನಾನು ಹಾಕಿಕೊಂಡು ಹೋಗಬೇಕಿದ್ದ, ವೈನಿ ಕೊಟ್ಟ ಬೂಟುಗಳಿದ್ದವು.

ಅವಳು ಎದ್ದಳು. ದುಪಟ್ಟಾದ ಅಂಚಿನಿಂದ ಅಕ್ಕಿ ಸುರಿಯುತ್ತ ಹೋಯಿತು. ಅರ್ಧ ಉಡಿಯಲ್ಲಿ ಮಣೆಯಿಂದ ಏಳಬಾರದು, ಯಾರೂ ಹಿಡಿದು ಕೂರಿಸಲಿಲ್ಲ. ನೇರ ಆ ಸಣ್ಣ ಕೋಣೆಗೆ ಹೋದಳು. ತಿರುಗಿ ಬಂದಾಗ ನನ್ನ ಹಳೆಯ ಚಪ್ಪಲಿ ಜೋಡಿ ಅವಳ ಉಡಿಯಲ್ಲಿತ್ತು, ಅಕ್ಕಿಯ ಮೇಲೆ, ಬೊಗಸೆಯಷ್ಟು ಉಳಿದಿದ್ದ ಅಕ್ಕಿಯ ಮೇಲೆ. ಮಣೆಯ ಮೇಲೆ ಕೂತಳು. ಎರಡೂ ಕೈಯಿಂದ ಅದನ್ನು ಅಮುಕಿ ಹಿಡಿದು, ಯಾರ ಮುಖವನ್ನೂ ನೋಡದೆ, ದುಪಟ್ಟಾದ ಬಾಯಿಯನ್ನು ಮಾತ್ರ ವೈನಿಯ ಕಡೆ ಅಗಲ ಮಾಡಿ ಹಿಡಿದಳು.

ನಾನು ತುಂಬಿದ ಸೆರಗನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡೆ. ಹನ್ನೆರಡು ವರ್ಷ ನನಗೆ ಗೊತ್ತಿರದೇ ಹೋದದ್ದನ್ನು ತಿಳಿದುಕೊಳ್ಳಲು ಇದೇ ದಿನ ಬೇಕಿತ್ತೇ? ಇನ್ನು ಇವಳನ್ನು ಎಲ್ಲಿ ಬಿಡಲಿ, ಎಲ್ಲಿಗೆ ಒಯ್ಯಲಿ? ಕೈಯಲ್ಲಿದ್ದ ಒಂದೇ ದಾರಿಯೂ ಹೋಯಿತು. ಸಂಜೆ ಇಬ್ಬರೂ ಆ ಗೋಡೆಗೆ, ಆ ಗುದ್ದಿಗೆ, ಆ ಸಾಲಿಗೆ ತಿರುಗಿ ಹೋಗಬೇಕು. ಇವತ್ತಿಗೂ ಅಲ್ಲೇ ಇದ್ದೇವೆ, ಯಾವ ದೇಶವೂ ನಮ್ಮನ್ನು ಒಪ್ಪಿಲ್ಲ. ಕಿಟಕಿಯ ಹೊರಗೆ ಹಳದಿ ಬಸ್ಸು ಎದುರು ಮನೆಯ ಹುಡುಗನನ್ನು ಹತ್ತಿಸಿಕೊಂಡು ಹೊರಟಿತು, ನಾನು ನೋಡಲಿಲ್ಲ.

ಅಕ್ಕಿಗೆ ಚಪ್ಪಲಿ ಮುಟ್ಟಿದ್ದನ್ನು ಕಂಡು ವೈನಿಯ ಕೈ ಪರಾತದ ಮೇಲೆ ನಿಂತಿತ್ತು. ಅಣ್ಣ ಬಗ್ಗಿ ಚಪ್ಪಲಿ ತೆಗೆಯಲು ಹೋದ. “ಇರ್ಲಿ, ಮುಟ್ಟಬ್ಯಾಡ್ರಿ” ಎಂದರು ವೈನಿ. ಮಗಳು ಮೂಗಿನಲ್ಲಿ ಗುಂಯ್ ಎನ್ನತೊಡಗಿದಳು. ವೈನಿ ಎರಡೂ ಕೈ ತುಂಬ ಅಕ್ಕಿ ತೆಗೆದುಕೊಂಡು ನಾಲ್ಕನೆಯ ಬೊಗಸೆಯನ್ನೂ ಐದನೆಯ ಬೊಗಸೆಯನ್ನೂ ಆ ಚಪ್ಪಲಿಗಳ ಮೇಲೆಯೇ ಸುರಿದರು.